ಪೂರ್ವಾಭಾದ್ರೆಯ ಮಗ್ಗುಲ ಗ್ರಹ

ಪೂರ್ವಾಭಾದ್ರಾ ನಕ್ಷತ್ರದ ಎರಡು ತಾರೆಗಳನ್ನು ವಾಚಕರು ಬಲ್ಲರಷ್ಟೆ. ಅವುಗಳ ನಡುವೆ, ತುಸು ಪಶ್ಚಿಮಕ್ಕೆ, ಬರಿಗಣ್ಣಿಗೆ ಕಂಡೂ ಕಾಣದಂತಹ ತಾರೆಯೊಂದುಂಟು. ಅದರ ಹೆಸರು 51 ಪೆಗಾಸಿ. ದೂರ ಸುಮಾರು 50 ಜ್ಯೋತಿರ್ವರ್ಷ.

ನಮ್ಮ ಗುರುವು ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ಹಿಡಿಯುವುದು. ಅನಿಲಮಯವಾದ ಮಹಾಗ್ರಹಗಳೆಲ್ಲವೂ ಹೀಗೆಯೇ ದೂರದಲ್ಲಿರತಕ್ಕವೆಂದು ಪಂಡಿತರು ನಂಬಿದ್ದರು. ಅಂತಹ ಗ್ರಹವು ತಾರೆಯ ಸಮೀಪದಲ್ಲಿಯೇ ಏಕೆ ಸುತ್ತಬಾರದು, ಅದರ ಸೆಳೆತದಿಂದ ತಾರೆಯು ಓಲಾಡುವುದನ್ನು ವರ್ಣಪಟಲದಲ್ಲಿ ಏಕೆ ಅಳೆಯಬಾರದು ಎಂದು 1952ರಲ್ಲಿ ಆಟೊ ಸ್ಟ್ರೂವೆ ಎಂಬ ವಿದ್ವಾಂಸರು ಕೇಳಿದರು. ಆ ಮಾತಿಗೆ ಕಿವಿಗೊಟ್ಟವರು ವಿರಳ.

1995ರಲ್ಲಿ ಜಿನೀವಾದ ಮಿಶೆಲ್ ಮೇಯರ್, ಡಿಡಿಯೆ ಕೆಲೋ ಎಂಬವರು ಈ ತಾರೆಯ ಓಲಾಟವನ್ನು ಪ್ರಕಟಿಸಿದರು. ದಕ್ಷಿಣ ಫ್ರಾನ್ಸಿನ ವೀಕ್ಷಣಾಲಯದಲ್ಲಿ ಅವರು ಅಳೆದ ವೇಗವು ಸೆಕೆಂಡಿಗೆ 60 ಮೀಟರಿಗೂ ಕಡಮೆ. ಗುರುವಿನ ತೂಕದಲ್ಲಿ ಕನಿಷ್ಠಪಕ್ಷ ಸುಮಾರು ಅರ್ಧದಷ್ಟುಳ್ಳ ಗ್ರಹವೊಂದು 4.23 ದಿನಗಳಿಗೊಮ್ಮೆ ಅದನ್ನು ಸುತ್ತುತ್ತಿದ್ದಿತು. ಬುಧನಿಗಾದರೂ 88 ದಿನಗಳು ಬೇಕು!

ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ಮಾರ್ಸಿ, ಬಟ್ಲರ್ ಎಂಬವರು ಕೆಲವೇ ದಿನಗಳಲ್ಲಿ ಇದನ್ನು ದೃಢಪಡಿಸಿದರು. ತಮ್ಮ ಹಳೆಯ ಅಳತೆಗಳನ್ನು ಶೋಧಿಸಲು ಅವರಿಗೂ ಅನ್ಯಗ್ರಹಗಳು ದೊರೆತವು. ಮೇಯರ್, ಕೆಲೋ ಇಬ್ಬರಿಗೂ 2019ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು.

ಆದುದರಿಂದ ಗ್ರಹವನ್ನು ಮರೆಮಾಡಿದುದು ದೂರವೊಂದೇ ಅಲ್ಲ. ನಮ್ಮ ಪೂರ್ವಗ್ರಹವೂ ಹೌದು.