ಗಿಟಾರ್ ಇಲ್ಲದ ರಾಕ್ ನಾಟಕ



'ಕನ್ನಡದಲ್ಲಿ ರಾಕ್ ಮ್ಯೂಸಿಕಲ್ ಇದೆಯಾ?' ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಒಂದು ಕ್ಷಣ ತಲೆ ಕೆರೆದುಕೊಳ್ಳುತ್ತೇವೆ. ಗಿಟಾರ್, ಡ್ರಮ್ಸ್, ಉದ್ದ ಕೂದಲು, ಮಿಂಚುವ ದೀಪ... ಊಹೂಂ, ನೆನಪಾಗುವುದಿಲ್ಲ. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ನೋಡಿ. ಹಳೆಯ ರಂಗಭೂಮಿಯ ಬಾಗಿಲನ್ನು ಹಾಡಿನಿಂದಲೇ ಒದ್ದು ತೆರೆದವರು ನಮ್ಮಲ್ಲಿ ಇದ್ದರೇ? ಇದ್ದರು! ಅವರಲ್ಲಿ ಮುಖ್ಯರಾದ ಒಬ್ಬರು ಇದೇ ದೆಹಲಿಯ ಮಂಡಿ ಹೌಸ್ ಸುತ್ತಮುತ್ತ ಓಡಾಡಿಕೊಂಡಿದ್ದರು. ಈ ಸಲದ ಇತಿಹಾಸದ ಪುಟ ಅವರಿಗೆ ಮತ್ತು ಅವರ ಕಾಲಕ್ಕೆ.

ಮೊದಲು ಸಾಗರದಾಚೆ ಹೋಗಿಬರೋಣ. 1967ರಲ್ಲಿ ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರಿನಲ್ಲಿ 'ಹೇರ್' ಎಂಬ ನಾಟಕ ಶುರುವಾಯಿತು. ಬರೆದವರು ಜೆರೋಮ್ ರಾಗ್ನಿ ಮತ್ತು ಜೇಮ್ಸ್ ರಾಡೋ, ಇಬ್ಬರೂ ನಟರೇ. ವಿಯೆಟ್ನಾಂ ಯುದ್ಧದ ಕಾಲ ಅದು. ಸೈನ್ಯಕ್ಕೆ ಸೇರಲೇಬೇಕೆಂಬ ಸರಕಾರಿ ಕರೆ ಮನೆಮನೆಯ ಹುಡುಗರಿಗೆ ಬರುತ್ತಿತ್ತು. ಹೋಗುವುದೋ ಬೇಡವೋ ಎಂಬ ತಳಮಳವನ್ನೇ ಅವರು ಹಾಡು ಮಾಡಿದರು. 1968ರ ಏಪ್ರಿಲಿನಲ್ಲಿ ಬ್ರಾಡ್‌ವೇಗೆ ಬಂದ ಈ ನಾಟಕ 1972ರವರೆಗೆ 1,750 ಪ್ರದರ್ಶನ ಕಂಡಿತು. ಇದಕ್ಕೆ ರಾಗ ಹಾಕಿದ ಗಾಲ್ಟ್ ಮ್ಯಾಕ್‌ಡರ್ಮಟ್ ರಾಕ್ ಲೋಕದವರೇ ಅಲ್ಲ! ಕೆನಡಾದಲ್ಲಿ ಹುಟ್ಟಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಸಂಗೀತ ಕಲಿತು, ಅಲ್ಲಿನ ಲಯಗಳನ್ನು ಕಿವಿಯಲ್ಲಿ ತುಂಬಿಕೊಂಡು ಬಂದವರು. ಅಂದರೆ ಮೊದಲ ದೊಡ್ಡ ರಾಕ್ ನಾಟಕದ ಬೇರಿನಲ್ಲೂ ದೂರದ ಒಂದು ನೆಲದ ತಾಳ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯ ಕಥೆ ಲಂಡನ್ನಿನದು. ಆಂಡ್ರ್ಯೂ ಲಾಯ್ಡ್ ವೆಬ್ಬರ್ ಮತ್ತು ಟಿಮ್ ರೈಸ್ ಎಂಬ ಇಬ್ಬರು ತರುಣರು ಏಸುವಿನ ಕೊನೆಯ ದಿನಗಳನ್ನು ರಾಕ್ ಸಂಗೀತದಲ್ಲಿ ಹೇಳಲು ಹೊರಟರು. ನಾಟಕಕ್ಕೆ ಹಣ ಹಾಕುವವರು ಸಿಗಲಿಲ್ಲ. ಸರಿ, ಮೊದಲು ರೆಕಾರ್ಡ್ ಮಾಡೋಣ ಎಂದರು. 1970ರಲ್ಲಿ 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' ಆಲ್ಬಂ ಹೊರಬಂತು. ಏಸುವಿನ ದನಿ ಡೀಪ್ ಪರ್ಪಲ್ ತಂಡದ ಇಯಾನ್ ಗಿಲ್ಲನ್ ಅವರದು. ಅಮೆರಿಕದಲ್ಲಿ ಆ ಆಲ್ಬಂ ಪಟ್ಟಿಯ ತುದಿಗೇರಿದ ಮೇಲೆ, 1971ರ ಅಕ್ಟೋಬರಿನಲ್ಲಿ, ಅದು ರಂಗಕ್ಕೆ ಬಂತು. ಹಾಡು ಮೊದಲು, ನಾಟಕ ಆಮೇಲೆ.

ಭಾರತಕ್ಕೆ ಆ ಅಲೆ ತಲುಪಲು ಹೆಚ್ಚು ಕಾಲ ಹಿಡಿಯಲಿಲ್ಲ. 1974ರಲ್ಲಿ ಮುಂಬಯಿಯಲ್ಲಿ ಅಲಿಕ್ ಪದಮ್‌ಸೀ ಇದೇ ನಾಟಕವನ್ನು ಆಡಿಸಿದರು. ಅಟಾಮಿಕ್ ಫಾರೆಸ್ಟ್ ಎಂಬ ರಾಕ್ ತಂಡದ ಗಾಯಕ ಮಧುಕರ್ ದಾಸ್ ಏಸು, ನಂದು ಭೆಂಡೆ ಜೂಡಾಸ್. ಇಂಗ್ಲಿಷ್ ನಾಟಕ, ಇಂಗ್ಲಿಷ್ ಹಾಡು. ಅಷ್ಟಕ್ಕೇ ನಿಂತಿದ್ದರೆ ನಮಗೆ ಹೇಳಲು ಕಥೆ ಇರುತ್ತಿರಲಿಲ್ಲ. ಆದರೆ ಇದೇ ನಂದು ಭೆಂಡೆ 1978ರಲ್ಲಿ ಪುಣೆಯ ಥಿಯೇಟರ್ ಅಕಾಡೆಮಿಯ 'ತೀನ್ ಪೈಶಾಚಾ ತಮಾಶಾ'ದಲ್ಲಿ ಪ್ರಧಾನ ಪಾತ್ರ ವಹಿಸಿ ಮರಾಠಿಯಲ್ಲಿ ಹಾಡಿದರು. ಬ್ರೆಕ್ಟನ ನಾಟಕ, ಪು.ಲ. ದೇಶಪಾಂಡೆಯವರ ಮಾತು, ಜಬ್ಬಾರ್ ಪಟೇಲರ ನಿರ್ದೇಶನ. ರಾಕ್ ಗಾಯಕ ಮನೆಮಾತಿಗೆ ಮರಳಿದ್ದ! ಬ್ರೆಕ್ಟನ ಆ ನಾಟಕವನ್ನು ಕನ್ನಡಕ್ಕೆ ತಂದವರು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ, 'ಮೂರು ಕಾಸಿನ ಸಂಗೀತ ನಾಟಕ' ಎಂಬ ಹೆಸರಿನಲ್ಲಿ.

ಈಗ ನಮ್ಮ ಊರಿಗೆ ಬರೋಣ. ಬಂಟ್ವಾಳದ ಹತ್ತಿರದ ಬಾಬುಕೋಡಿಯ ಹುಡುಗ ಬಿ.ವಿ. ಕಾರಂತ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದ್ದು ಎಷ್ಟೋ ಜನರಿಗೆ ಗೊತ್ತು. ವೀರಣ್ಣನವರು ಅವರನ್ನು ಓದಲು ಬನಾರಸಿಗೆ ಕಳಿಸಿದರು. ಅಲ್ಲಿ ಹಿಂದಿ ಎಂ.ಎ. ಜೊತೆಗೆ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, 1962ರಲ್ಲಿ ಪದವಿ. ಆಮೇಲೆ ಇಲ್ಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರು! ಕಂಪನಿ ನಾಟಕದ ಹಾರ್ಮೋನಿಯಂ, ಕರಾವಳಿಯ ಯಕ್ಷಗಾನದ ಚೆಂಡೆ, ಬನಾರಸಿನ ಖಯಾಲ್, ಎಲ್ಲವೂ ಒಂದೇ ತಲೆಯಲ್ಲಿ ಸೇರಿಕೊಂಡವು.

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಕಾರಂತರು ಮೂರು ನಾಟಕ ಆಡಿಸಿದರು: 'ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ'. ಮೂರನೆಯದು ಚಂದ್ರಶೇಖರ ಕಂಬಾರರದು. ಉತ್ತರ ಕರ್ನಾಟಕದ ಬಯಲಾಟದ ಹಾಡು, ಕುಣಿತ, ಪೋಲಿತನ ಎಲ್ಲ ಇದೆ. ನಕ್ಕು ಮುಗಿಸುವಷ್ಟರಲ್ಲಿ ಒಂದು ಪ್ರಶ್ನೆ ಎದೆಗೆ ಬಡಿಯುತ್ತದೆ: ಹೊಲ ಯಾರದ್ದು? ಉಳುವ ಬಸಣ್ಣನದೋ, ಕಾಗದ ಹಿಡಿದ ಗೌಡನದೋ? ಬಸಣ್ಣ ಕೊನೆಗೆ ಕೊಲೆಯಾಗುತ್ತಾನೆ. ಎರಡೇ ವರ್ಷದಲ್ಲಿ, 1974ರಲ್ಲಿ, ದೇವರಾಜ ಅರಸು ಸರಕಾರದ ಭೂಸುಧಾರಣೆ ಕಾನೂನು ಜಾರಿಗೆ ಬಂತು. ನಾಟಕದಿಂದ ಕಾನೂನು ಬಂತೆಂದಲ್ಲ. ಆದರೆ ಊರೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತನ್ನು ನಾಟಕ ಹಾಡಿ ಹೇಳಿತ್ತು. ಅಲ್ಲಿ ಯುದ್ಧದ ಕರೆ, ಇಲ್ಲಿ ಹೊಲದ ಹಕ್ಕು. ಎರಡೂ ಕಡೆ ಹಾಡಿನ ಕೆಲಸ ಒಂದೇ.

ಇನ್ನೊಂದು ಹೋಲಿಕೆ ಕೇಳಿ. 'ಸೂಪರ್‌ಸ್ಟಾರ್' ನಾಟಕ ನಂಬಿಕೆಯನ್ನು ಮನುಷ್ಯರ ಕಣ್ಣಿನಿಂದ ನೋಡಿತು, ಅದಕ್ಕೆ ವಿರೋಧವೂ ಬಂತು. ಕನ್ನಡದಲ್ಲಿ ಜಡಭರತ ಜಿ.ಬಿ. ಜೋಶಿಯವರ 'ಸತ್ತವರ ನೆರಳು' ನಾಟಕವನ್ನು ಕಾರಂತರು ಬೆನಕ ತಂಡಕ್ಕೆ ಮಾಡಿಸಿದರು. ಮಠದ ಅಧಿಕಾರದ ಕಥೆ. ಅದಕ್ಕೆ ಹಾಕಿದ್ದು ಪುರಂದರದಾಸರ ಪದಗಳನ್ನು! ಭಜನೆಯಲ್ಲಿ ಕಣ್ಮುಚ್ಚಿ ಕೇಳುತ್ತಿದ್ದ ಪದಗಳು ರಂಗದ ಮೇಲೆ ಕಣ್ಣು ತೆರೆಸಿದವು. ದಾಸರನ್ನು ಬಿಟ್ಟುಕೊಡದೆ ಡಂಭಾಚಾರವನ್ನು ಬೈಯಲು ದಾಸರಿಗಿಂತ ಒಳ್ಳೆಯ ಜೊತೆಗಾರರು ಇನ್ನಾರು?

ದೆಹಲಿಯವರಿಗೂ ಇದರಲ್ಲಿ ದೊಡ್ಡ ಪಾಲಿದೆ. 1972ರಲ್ಲಿ ಗಿರೀಶ ಕಾರ್ನಾಡರ 'ಹಯವದನ'ವನ್ನು ಕಾರಂತರು ಇಲ್ಲಿಯ ದಿಶಾಂತರ ತಂಡಕ್ಕೆ ಹಿಂದಿಯಲ್ಲಿ ಮಾಡಿಸಿದರು. 1977ರಿಂದ 1981ರವರೆಗೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದರು. 1979ರಲ್ಲಿ ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಅವರ ಕೈಯಲ್ಲಿ 'ಬರ್ನಮ್ ವನ' ಆಯಿತು. ರಘುವೀರ ಸಹಾಯರ ಹಿಂದಿ ಪದ್ಯ, ನಡಿಗೆ ಮಾತ್ರ ಯಕ್ಷಗಾನದ್ದು. ಸ್ಕಾಟ್ಲೆಂಡಿನ ರಾಜ ದೆಹಲಿಯಲ್ಲಿ ಕರಾವಳಿಯ ಹೆಜ್ಜೆ ಹಾಕಿದ!

ಹಾಗಾದರೆ ಇದು ರಾಕ್ ಹೌದೋ ಅಲ್ಲವೋ? ವಾದ್ಯ ನೋಡಿದರೆ ಅಲ್ಲ. ಕಾರಂತರ ಸಂಗೀತದಲ್ಲಿ ಬಿದಿರು, ಕಲ್ಲು, ತಗಡು, ನಟರ ಉಸಿರು ಎಲ್ಲವೂ ವಾದ್ಯವೇ. ಸ್ವಭಾವ ನೋಡಿದರೆ ಹೌದು ಎನ್ನಬೇಕು. ಹಾಡು ಕಥೆಗೆ ಅಲಂಕಾರವಲ್ಲ, ಹಾಡೇ ಕಥೆಯನ್ನು ತಳ್ಳುತ್ತದೆ. ಗಾಯಕರು ಪರದೆಯ ಹಿಂದಿಲ್ಲ, ನಟರೇ ಹಾಡುತ್ತಾರೆ, ಉಸಿರು ಕಟ್ಟಿದರೆ ಆ ಏದುಸಿರೂ ಲಯದೊಳಗೇ. ಮತ್ತೆ, ಮ್ಯಾಕ್‌ಡರ್ಮಟ್ ಆಫ್ರಿಕಾದ ಲಯ ತಂದಂತೆ ಇವರೂ ನೆಲದ ತಾಳವನ್ನು ನಗರದ ನಡುವೆ ತಂದು ಬಾರಿಸಿದರು.

ಹಾಡಿದವರ ಮಾತೂ ಬರಬೇಕು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ 1973ರಲ್ಲಿ ಇದೇ ನಾಟಕ ಶಾಲೆಯಿಂದ ಹೊರಬಂದವರು. 1976ರಲ್ಲಿ ಸ್ಪಂದನ ತಂಡ ಕಟ್ಟಿದರು. ಕಂಬಾರರ 'ಕರಿಮಾಯಿ', ಆಮೇಲೆ 'ಲಕ್ಷಾಪತಿ ರಾಜನ ಕಥೆ'. ಆ ಕಂಠ ಕೇಳಿದವರಿಗೆ ಮೈಕು ಯಾಕೆ ಬೇಕಿತ್ತು ಎನ್ನಿಸುತ್ತದೆ. 2010ರಿಂದ 2016ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯೆಯಾಗಿ ನಮ್ಮ ದೆಹಲಿಯಲ್ಲೇ ಇದ್ದರು. ಕಂಬಾರರೂ ಇಲ್ಲಿಗೆ ಬಂದರು. 2018ರಿಂದ 2023ರವರೆಗೆ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದರು.

ಇಷ್ಟೆಲ್ಲ ಇದ್ದೂ ಕನ್ನಡದ ಮಕ್ಕಳಿಗೆ 'ಸೂಪರ್‌ಸ್ಟಾರ್' ಹಾಡು ಸಿಗುವಷ್ಟು ಸುಲಭವಾಗಿ 'ಜೋಕುಮಾರಸ್ವಾಮಿ' ಸಿಗುವುದಿಲ್ಲ. ಯಾಕೆ? ಕಾರಣ ಸರಳ. ಅಲ್ಲಿ ಆಲ್ಬಂ ಮೊದಲು ಬಂತು. ನಮ್ಮಲ್ಲಿ ಹಾಡು ತಾಲೀಮಿನ ಕೋಣೆಯಲ್ಲಿ ಹುಟ್ಟಿ, ಬಾಯಿಂದ ಬಾಯಿಗೆ ದಾಟಿತು. ರಂಗಗೀತೆಗಳ ಕ್ಯಾಸೆಟ್, ಸಿ.ಡಿ.ಗಳು ಆಮೇಲೆ ಬಂದವು, ನಿಜ. ಆದರೆ ಬಿಡಿ ಹಾಡು ಬೇರೆ, ನಾಟಕದ ಪೂರ್ತಿ ಸಂಗೀತ ಬೇರೆ.

ಸಿನಿಮಾದ ಜೊತೆ ಹೋಲಿಸಿದರೆ ಈ ನಷ್ಟ ಚೆನ್ನಾಗಿ ಅರ್ಥವಾಗುತ್ತದೆ. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೆ ಕಾರಂತರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. 'ಘಟಶ್ರಾದ್ಧ'ದ ಹಳೆಯ ರೀಲುಗಳನ್ನು ಶುಚಿಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೋರಿಸಿದರು. ಆ ಸಂಗೀತ ಮತ್ತೆ ಕೇಳಿಸಿತು. ನಾಟಕಕ್ಕೆ ಅಂಥ ರೀಲು ಇಲ್ಲ. ಅದರ ರೀಲು ಅಂದರೆ ಹಾಡಿದವರ ಗಂಟಲು, ಕೇಳಿದವರ ಕಿವಿ. ಕಾರಂತರು 2002ರ ಸೆಪ್ಟೆಂಬರ್ 1ರಂದು ತೀರಿಕೊಂಡರು. ಅವರಲ್ಲಿ ನೇರವಾಗಿ ಕಲಿತ ಮೊದಲ ತಲೆಮಾರಿಗೂ ಈಗ ವಯಸ್ಸಾಗಿದೆ.

ದೊಡ್ಡ ಕಟ್ಟಡ ಕಟ್ಟಿದರೆ ಸಾಲದು ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. ಗುರುಗ್ರಾಮದ ಕಿಂಗ್‌ಡಮ್ ಆಫ್ ಡ್ರೀಮ್ಸ್ 2010ರಲ್ಲಿ ಶುರುವಾಯಿತು. ಅದರ ನೌಟಂಕಿ ಮಹಲಿನಲ್ಲಿ 'ಝಂಗೂರಾ' ಎಂಬ ಭಾರೀ ಸಂಗೀತ ನಾಟಕ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಅದಕ್ಕೆ ಬೀಗ ಬಿತ್ತು. ಅದೇ ವೇಳೆ, ಯಾವ ಮಹಲೂ ಇಲ್ಲದ ಶಿಶುನಾಳ ಶರೀಫರ ಪದಗಳು ಸಿ. ಅಶ್ವತ್ಥರ ದನಿಯಲ್ಲಿ ಮನೆಮನೆ ತಲುಪಿ, 2008ರ ರಘು ದೀಕ್ಷಿತರ ಆಲ್ಬಂನಲ್ಲಿ ಗಿಟಾರಿನ ಜೊತೆಗೂ ಸೇರಿಕೊಂಡವು. ಹಾಡು ಒಂದು ಬಾಯಿಂದ ಇನ್ನೊಂದಕ್ಕೆ ದಾಟಿದರೆ ಬದುಕುತ್ತದೆ. ದಾಟಿಸುವವರು ಬೇಕು, ಅಷ್ಟೆ.

ನಮ್ಮ ದೆಹಲಿಯಲ್ಲಿ, ನೋಯ್ಡಾದಲ್ಲಿ, ಗುರುಗ್ರಾಮದಲ್ಲಿ ಆ ನಾಟಕಗಳನ್ನು ನೋಡಿದ, ಹಿಮ್ಮೇಳದಲ್ಲಿ ದನಿಗೂಡಿಸಿದ ಹಿರಿಯರು ಇರಬಹುದು. ನಿಮ್ಮ ಮನೆಯಲ್ಲೇ ಇದ್ದರೆ ಈ ಭಾನುವಾರ ಕಾಫಿ ಆದ ಮೇಲೆ ಒಂದು ರಂಗಗೀತೆ ಹಾಡಿಸಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಯಾವ ನಾಟಕ, ಯಾವ ವರ್ಷ, ಯಾರು ಹಾಡುತ್ತಿದ್ದರು ಎಂಬುದನ್ನೂ ಕೇಳಿ ಬರೆದಿಡಿ. ದನಿ ನಡುಗಿದರೂ ಪರವಾಗಿಲ್ಲ, ಸಾಲು ಮರೆತರೂ ಪರವಾಗಿಲ್ಲ. ಐವತ್ತು ವರ್ಷ ತಡವಾಗಿಯಾದರೂ ನಮ್ಮ ಆಲ್ಬಂ ಶುರುವಾಗಲಿ.