ಒಂದೇ ದದ್ದು, ಎರಡು ವೈರಸ್



ಊರಿನಲ್ಲಿ ದಡಾರ ಹರಡಿದೆ ಎಂದುಕೊಳ್ಳಿ. ಹತ್ತು ದಿನಗಳ ಹಿಂದೆ ಲಸಿಕೆ ಹಾಕಿಸಿಕೊಂಡ ಮಗುವೊಂದಕ್ಕೆ ಜ್ವರ ಬಂದು, ಮೈಮೇಲೆ ದದ್ದು ಎದ್ದಿದೆ. ಇದು ರೋಗವೋ, ಲಸಿಕೆಯ ಪರಿಣಾಮವೋ? ರೋಗವಾದರೆ ಮಗುವನ್ನು ಪ್ರತ್ಯೇಕವಾಗಿ ಇರಿಸಬೇಕು. ಅದರ ಸಂಪರ್ಕಕ್ಕೆ ಬಂದವರನ್ನೆಲ್ಲ ಹುಡುಕಬೇಕು. ಲಸಿಕೆಯ ಪರಿಣಾಮವಾದರೆ ಇದಾವುದೂ ಬೇಕಿಲ್ಲ. ಆದರೆ ನೋಡುವ ಕಣ್ಣಿಗೆ ಎರಡೂ ಒಂದೇ!

ಈ ಗೊಂದಲದ ಮೂಲ ಲಸಿಕೆಯ ಹುಟ್ಟಿನಲ್ಲೇ ಇದೆ. 1954ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ ಎಂಬ ವಿಜ್ಞಾನಿಗಳು ಡೇವಿಡ್ ಎಡ್ಮನ್‌ಸ್ಟನ್ ಎಂಬ ಶಾಲಾ ಬಾಲಕನಿಂದ ದಡಾರದ ವೈರಸ್ಸನ್ನು ಬೇರ್ಪಡಿಸಿದರು. ಮುಂದೆ ಅದನ್ನು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ದುರ್ಬಲಗೊಳಿಸಲಾಯಿತು. 1963ರಲ್ಲಿ ಲಸಿಕೆಗೆ ಪರವಾನಗಿ ದೊರೆಯಿತು. ಭಾರತದ ಮಕ್ಕಳಿಗೆ ಹಾಕುವ ಎಡ್ಮನ್‌ಸ್ಟನ್-ಜಾಗ್ರೆಬ್ ಲಸಿಕೆಯೂ ಇದೇ ವಂಶದ್ದು. ಲಸಿಕೆಯ ವೈರಸ್ ದುರ್ಬಲವಾದರೂ ಜೀವಂತ. ಆದ್ದರಿಂದ ಲಸಿಕೆ ಪಡೆದವರಲ್ಲಿ ಸುಮಾರು ಶೇಕಡಾ 5 ಮಂದಿಗೆ ದದ್ದು ಏಳುತ್ತದೆ.

ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಏಕೆಂದರೆ ರೋಗ ಬಂದರೂ, ಲಸಿಕೆ ಹಾಕಿದರೂ ಅವೇ ಪ್ರತಿಕಾಯಗಳು ಹುಟ್ಟುತ್ತವೆ. ಉತ್ತರ ಸಿಕ್ಕಿದ್ದು ವೈರಸ್ಸಿನ ವಂಶವಾಹಿಯಲ್ಲಿ. ವೈರಸ್ಸಿನ ಸುಮಾರು 16,000 ಅಕ್ಷರಗಳ ಆನುವಂಶಿಕ ಬರಹದಲ್ಲಿ ಕೇವಲ 450 ಅಕ್ಷರಗಳನ್ನು ಓದಿದರೆ ಅದರ ವಂಶ ತಿಳಿಯುತ್ತದೆ. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವಂಶಗಳಿಗೆ ಏಕರೂಪದ ಹೆಸರಿಡುವ ಕ್ರಮವನ್ನು ತಂದಿತು. ಎಲ್ಲ ದಡಾರ ಲಸಿಕೆಗಳ ವೈರಸ್ಸೂ 'ಎ' ಗುಂಪಿಗೆ ಸೇರಿದೆ. ಭಾರತದಲ್ಲಿ ರೋಗ ತಂದದ್ದು ಹೆಚ್ಚಾಗಿ 'ಡಿ4', 'ಡಿ8' ಗುಂಪುಗಳು. ರೋಗ ಹರಡುವ 'ಎ' ವೈರಸ್ ಈಗ ಎಲ್ಲಿಯೂ ಸಂಚರಿಸುತ್ತಿಲ್ಲ. ಹಾಗಾಗಿ 'ಎ' ಕಂಡರೆ ಅದು ಲಸಿಕೆಯದೇ.

ಆದರೆ ಹೀಗೆ ಓದಲು ದಿನಗಳೇ ಬೇಕು. 2014ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್‌ನಿಂದ ದಡಾರ ಹರಡಿದಾಗ ಈ ಕೊರತೆ ಎದ್ದು ಕಂಡಿತು. 2015ರಲ್ಲಿ ಅಮೆರಿಕದಲ್ಲಿ ಓದಲಾದ 194 ವೈರಸ್ ಮಾದರಿಗಳಲ್ಲಿ 73 ಲಸಿಕೆಯವೇ ಆಗಿದ್ದವು! 'ಎ' ಗುಂಪನ್ನು ಮಾತ್ರ ಹಿಡಿಯುವ ಪಿಸಿಆರ್ ಪರೀಕ್ಷೆಯೊಂದರ ವಿವರ 2017ರಲ್ಲಿ ಪ್ರಕಟವಾಯಿತು. ಗಂಟಲಿನಿಂದ ತೆಗೆದ ಮಾದರಿ ಪ್ರಯೋಗಾಲಯಕ್ಕೆ ತಲುಪಿದರೆ ಕೆಲವೇ ಗಂಟೆಗಳಲ್ಲಿ ಉತ್ತರ ಸಿಗುತ್ತದೆ.

ಬೇಗ ಸಿಕ್ಕ ಉತ್ತರದ ಬೆಲೆ ದೊಡ್ಡದು. ಲಸಿಕೆಯ ದದ್ದನ್ನು ರೋಗವೆಂದರೆ ಜನ ಲಸಿಕೆಗೇ ಹೆದರುತ್ತಾರೆ. ರೋಗವನ್ನು ಲಸಿಕೆಯ ದದ್ದೆಂದು ಬಿಟ್ಟರೆ ಅದು ಮನೆಯಿಂದ ಮನೆಗೆ ದಾಟುತ್ತದೆ.