ಕಡ್ಡಾಯ ಯಾರಿಗೆ? ಪ್ರೌಢಶಾಲೆಯ ದೈಹಿಕ ಶಿಕ್ಷಣದ ಕುರಿತು ಒಂದು ವಿಚಾರ

ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಕಡ್ಡಾಯವಾಗಬೇಕೇ ಬೇಡವೇ ಎಂದು ಚರ್ಚಿಸುವವರು ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಕರ್ನಾಟಕದಲ್ಲಿ ಕಾಗದದ ಮೇಲೆ ಅದು ಈಗಾಗಲೇ ಕಡ್ಡಾಯ. ವೇಳಾಪಟ್ಟಿಯಲ್ಲಿ ಪೀರಿಯಡ್ ಇದೆ, ಸರ್ಕಾರವೇ ಅಚ್ಚು ಹಾಕಿಸಿದ ಪಠ್ಯಪುಸ್ತಕ ಇದೆ, ವರ್ಷದ ಕೊನೆಗೆ ಶ್ರೇಣಿಯೂ ಇದೆ. ಆಟ ಮಾತ್ರ ಇರುತ್ತದೆಂಬ ಖಾತರಿಯಿಲ್ಲ. ದಸರಾ ರಜೆ ಮುಗಿದ ಮೇಲೆ ಎಷ್ಟೋ ಶಾಲೆಗಳಲ್ಲಿ ಹತ್ತನೆಯ ತರಗತಿಯ ಆಟದ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಪೋಷಕರು ದೂರುವುದಿಲ್ಲ, ಬಹಳ ಮಂದಿಗೆ ಸಮಾಧಾನವೇ ಆಗುತ್ತದೆ. ಗಣಿತದ ಪೀರಿಯಡ್ಡನ್ನು ಯಾರಾದರೂ ಹೀಗೆ ಖೋ ಖೋಗೆ ಬಿಟ್ಟುಕೊಟ್ಟಿದ್ದರೆ ಮರುದಿನವೇ ಮುಖ್ಯೋಪಾಧ್ಯಾಯರ ಕೋಣೆಯ ಮುಂದೆ ಜನ ಸೇರುತ್ತಿದ್ದರು.

ಕಡ್ಡಾಯವೆಂಬ ಹೊರೆ ಯಾರ ಹೆಗಲ ಮೇಲೆ ಬೀಳಬೇಕು ಎಂಬುದನ್ನು ನಾವು ಸರಿಯಾಗಿ ಕೇಳಿಕೊಂಡೇ ಇಲ್ಲ. ಇಲ್ಲಿಯವರೆಗೆ ಅದನ್ನು ಮಗುವಿನ ಮೇಲೆ ಹೊರಿಸಿದ್ದೇವೆ: ಸಾಲಿನಲ್ಲಿ ನಿಲ್ಲು, ಹಾಜರಿ ಕೊಡು, ಶ್ರೇಣಿ ಪಡೆ. ಮೈದಾನ, ಶಿಕ್ಷಕ ಮತ್ತು ಸಮಯವನ್ನು ಒದಗಿಸುವ ಕಡ್ಡಾಯವನ್ನು ಶಾಲೆಯ ಮೇಲೂ ಸರ್ಕಾರದ ಮೇಲೂ ಹೊರಿಸಬೇಕು ಎಂಬುದು ಈ ಲೇಖನದ ವಾದ.

ಶಿಸ್ತಿನ ಪರಂಪರೆ

ಇಂದಿನ ಸ್ಥಿತಿಗೆ ಹಳೆಯ ಬೇರುಗಳಿವೆ. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದ ಮೇಲೆ ದಕ್ಷಿಣದ ಶಾಲೆಗಳಿಗೆ ತರಬೇತಿ ಪಡೆದ ಶಿಕ್ಷಕರು ಬರತೊಡಗಿದರು. ಅದೇ ದಶಕದಲ್ಲಿ ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿ, ಕವಾಯತನ್ನು ಸ್ವಾತಂತ್ರ್ಯ ಹೋರಾಟದ ಸಾಧನವಾಗಿಸಿದರು. ಸ್ವಾತಂತ್ರ್ಯ ಬಂದ ಮೇಲೂ ದಿಕ್ಕು ಹೆಚ್ಚು ಬದಲಾಗಲಿಲ್ಲ. ಆಜಾದ್ ಹಿಂದ್ ಫೌಜಿನಲ್ಲಿದ್ದ ಜೆ.ಕೆ. ಭೋಸ್ಲೆ 1954ರಲ್ಲಿ ನಿರಾಶ್ರಿತರ ಮಕ್ಕಳಿಗಾಗಿ ರಾಷ್ಟ್ರೀಯ ಶಿಸ್ತು ಯೋಜನೆ ಆರಂಭಿಸಿದರು. ಚದುರಿಹೋಗಿದ್ದ ಇಂಥ ಯೋಜನೆಗಳನ್ನು ಒಂದುಗೂಡಿಸಲು 1959ರಲ್ಲಿ ಕುಂಜ್ರು ಸಮಿತಿ ನೇಮಕವಾಯಿತು. 1965ರಲ್ಲಿ ರಾಷ್ಟ್ರೀಯ ಫಿಟ್‌ನೆಸ್ ಕೋರ್ ಬಂತು.

ಈ ಪ್ರಯತ್ನಗಳ ಹಿಂದಿನ ಕಾಳಜಿ ದೊಡ್ಡದು. ಆದರೆ ದೇಹವನ್ನು ಶಿಸ್ತಿನ ಸಲಕರಣೆಯಾಗಿ ಕಾಣುವ ದೃಷ್ಟಿ ಶಾಲೆಗಳಲ್ಲಿ ಬೇರೂರಿದ್ದು ಇವುಗಳಿಂದಲೇ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ (1952-53) ಮಾತ್ರ ಬೇರೊಂದು ದಾರಿ ತೋರಿಸಿತ್ತು. ನಲವತ್ತು ವರ್ಷದೊಳಗಿನ ಶಿಕ್ಷಕರೆಲ್ಲರೂ ವಿದ್ಯಾರ್ಥಿಗಳ ದೈಹಿಕ ಚಟುವಟಿಕೆಗಳಲ್ಲಿ ಭಾಗವಹಿಸಬೇಕು ಎಂದು ಅದು ಹೇಳಿತು. ಇತಿಹಾಸದ ಮೇಷ್ಟ್ರೂ ಮಕ್ಕಳ ಜೊತೆ ಅಂಕಣಕ್ಕಿಳಿಯುವ ಶಾಲೆಯ ಕಲ್ಪನೆ ಅದು. ಅದನ್ನು ನಾವು ಕೈಬಿಟ್ಟೆವು, ಕವಾಯತನ್ನು ಉಳಿಸಿಕೊಂಡೆವು. ಇಂದಿಗೂ ಪಿ.ಟಿ. ಮೇಷ್ಟ್ರು ಎಂದರೆ ಪ್ರಾರ್ಥನೆಯ ಸಾಲು ಸರಿಪಡಿಸುವವರು, ತಡವಾಗಿ ಬಂದವರನ್ನು ಗೇಟಿನಲ್ಲಿ ನಿಲ್ಲಿಸುವವರು, ಆಗಸ್ಟ್ 15ರ ಪಥಸಂಚಲನಕ್ಕೆ ಮಕ್ಕಳನ್ನು ತಯಾರು ಮಾಡುವವರು.

ಕಾನೂನು ಎಲ್ಲಿ ನಿಲ್ಲುತ್ತದೆ

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಆಟದ ಮೈದಾನ ಬೇಕೆನ್ನುತ್ತದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು ಎಂದೂ ಹೇಳುತ್ತದೆ. ಅರೆಕಾಲಿಕ ಎಂಬ ಕೊರತೆ ಒಂದು ಕಡೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಕಾಯ್ದೆಯ ಹಕ್ಕು ಹದಿನಾಲ್ಕನೆಯ ವಯಸ್ಸಿಗೆ, ಎಂಟನೆಯ ತರಗತಿಗೆ ಮುಗಿದುಹೋಗುತ್ತದೆ. ಓದಿನ ಒತ್ತಡ ಏರುವ, ಹುಡುಗಿಯರು ಅಂಗಳದಿಂದ ಒಳಮನೆಗೆ ಸರಿಯುವ, ಮೊಬೈಲ್ ಕೈಗೆ ಬರುವ ಒಂಬತ್ತು ಮತ್ತು ಹತ್ತನೆಯ ತರಗತಿಗಳು ಅದರ ಹೊರಗೆ ಉಳಿಯುತ್ತವೆ. ಸಿ.ಬಿ.ಎಸ್.ಇ. 2018ರಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಕಡ್ಡಾಯ ಮಾಡಿ, ದಿನಕ್ಕೊಂದು ಪೀರಿಯಡ್ ಇರಬೇಕೆಂದಿತು. ಶಾಲೆಯ ಮೈದಾನದ ಒತ್ತುವರಿಯ ಪ್ರಕರಣವೊಂದರಲ್ಲಿ, 2023ರಲ್ಲಿ, ಮೈದಾನವಿಲ್ಲದೆ ಶಾಲೆ ಇರುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಹರಿಯಾಣದ ಹಳ್ಳಿಯೊಂದರ ಆ ತೀರ್ಪು ನಮ್ಮ ನಗರಗಳ ಎಷ್ಟೋ ಶಾಲೆಗಳಿಗೂ ಅನ್ವಯಿಸುವಂಥದ್ದು.

ಅಧ್ಯಯನಗಳು ಹೇಳುವುದೇನು

ಐದರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. 146 ದೇಶಗಳ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಒಗ್ಗೂಡಿಸಿ ಅದು 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಹನ್ನೊಂದರಿಂದ ಹದಿನೇಳು ವಯಸ್ಸಿನವರಲ್ಲಿ ಶೇ. 81ರಷ್ಟು ಮಂದಿ ಆ ಮಟ್ಟ ಮುಟ್ಟುವುದಿಲ್ಲ. ಹುಡುಗರಲ್ಲಿ ಈ ಪ್ರಮಾಣ ಶೇ. 78, ಹುಡುಗಿಯರಲ್ಲಿ ಶೇ. 85.

ಆಟಕ್ಕೆ ಕೊಟ್ಟ ಸಮಯ ಓದಿಗೆ ಕುತ್ತು ಎಂಬ ಭಯಕ್ಕೆ ಗಟ್ಟಿ ಆಧಾರ ಕಾಣುವುದಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದ ತ್ರುವಾ-ರಿವಿಯೇರ್‌ನಲ್ಲಿ 1970ರ ದಶಕದಲ್ಲಿ ಪ್ರಾಥಮಿಕ ಶಾಲೆಯ 546 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಬೇರೆ ವಿಷಯಗಳ ಸಮಯ ಕಡಿತ ಮಾಡಿ ದಿನಕ್ಕೊಂದು ಗಂಟೆ ದೈಹಿಕ ಶಿಕ್ಷಣ ಕೊಟ್ಟರೂ ಓದು ಹಿಂದೆ ಬೀಳಲಿಲ್ಲ. ಸ್ವೀಡನ್ನಿನ ಮಾಲ್ಮೊ ನಗರದ ಬುಂಕೆಫ್ಲೊದಲ್ಲಿ 1999ರಲ್ಲಿ ಆರಂಭವಾದ ದೀರ್ಘ ಅಧ್ಯಯನದಲ್ಲೂ, ದಿನವೂ ಆಡಿದ ಮಕ್ಕಳು ಒಂಬತ್ತನೆಯ ತರಗತಿಯ ಹೊತ್ತಿಗೆ ಓದಿನಲ್ಲಿ ಹಿಂದುಳಿದಿರಲಿಲ್ಲ.

ಇಷ್ಟನ್ನೇ ಹಿಡಿದು ಕಡ್ಡಾಯದ ಪರ ತೀರ್ಪು ಕೊಡುವವರು ಟೆಕ್ಸಾಸ್‌ನ ಅನುಭವವನ್ನು ಬಿಟ್ಟುಬಿಡುತ್ತಾರೆ. ಅಲ್ಲಿ 2007ರಿಂದ 2011ರವರೆಗೆ ಬಡ ಮಕ್ಕಳು ಹೆಚ್ಚಿರುವ ಮಾಧ್ಯಮಿಕ ಶಾಲೆಗಳಿಗೆ ಒಟ್ಟು 3.7 ಕೋಟಿ ಡಾಲರ್ ಅನುದಾನ ಕೊಟ್ಟು ನಿತ್ಯ ದೈಹಿಕ ಶಿಕ್ಷಣವನ್ನು ಕಡ್ಡಾಯ ಮಾಡಲಾಯಿತು. ಅದರ ಫಲವನ್ನು ಪರಿಶೀಲಿಸಿದ ಅನಲಿಸಾ ಪ್ಯಾಕಮ್ ಮತ್ತು ಬ್ರಿಟನಿ ಸ್ಟ್ರೀಟ್ ಅವರ 2019ರ ಅಧ್ಯಯನ ನಿರಾಶಾದಾಯಕ. ಒಟ್ಟಾರೆ ದೈಹಿಕ ಸಾಮರ್ಥ್ಯ ಹೆಚ್ಚಲಿಲ್ಲ. ಹಾಜರಿ ಕುಗ್ಗಿತು, ಶಿಸ್ತಿನ ಪ್ರಕರಣಗಳು ಏರಿದವು. ದೈಹಿಕ ಶಿಕ್ಷಣವನ್ನು ಪ್ರೀತಿಸುವವರೇ ಈ ಫಲಿತಾಂಶವನ್ನು ಹೆಚ್ಚು ಗಂಭೀರವಾಗಿ ಓದಬೇಕು ಎಂಬುದು ನನ್ನ ನಂಬಿಕೆ. ದಪ್ಪಗಿರುವ, ನಿಧಾನ ಓಡುವ, ತಂಡಕ್ಕೆ ಕೊನೆಯವನಾಗಿ ಆಯ್ಕೆಯಾಗುವ ಹುಡುಗನಿಗೆ ಆ ಪೀರಿಯಡ್ಡು ದಿನವೂ ಅವಮಾನದ ಪೀರಿಯಡ್ಡಾಗಬಹುದು. ಗಂಟೆ ಹೆಚ್ಚಿಸಿದರೆ ಅವಮಾನವೂ ಹೆಚ್ಚುತ್ತದೆ. ಗಂಟೆಯ ಒಳಗೆ ಏನು ನಡೆಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಲವತ್ತು ನಿಮಿಷಗಳ ಒಳಗೆ

ಅರವತ್ತು ಮಕ್ಕಳ ಒಂದು ತರಗತಿ, ಒಬ್ಬ ಶಿಕ್ಷಕ, ಒಂದು ವಾಲಿಬಾಲ್ ಎಂದಿಟ್ಟುಕೊಳ್ಳೋಣ. ತರಗತಿಯಿಂದ ಹೊರಟು, ಚಪ್ಪಲಿ ಬಿಟ್ಟು, ಸಾಲು ಕಟ್ಟಿ, ಹಾಜರಿ ಮುಗಿಯುವಾಗ ಹತ್ತು ನಿಮಿಷ ಕಳೆದಿರುತ್ತದೆ. ಕೈಕಾಲು ಸಡಿಲಿಸುವ ವ್ಯಾಯಾಮಕ್ಕೆ ಇನ್ನೊಂದೈದು. ಉಳಿದ ಇಪ್ಪತ್ತೈದು ನಿಮಿಷ ಹನ್ನೆರಡು ಜನ ಅಂಕಣದಲ್ಲಿ, ನಲವತ್ತೆಂಟು ಜನ ಬೇವಿನ ಮರದ ಕೆಳಗೆ. ಅಂಕಣದಲ್ಲಿರುವ ಹನ್ನೆರಡರಲ್ಲೂ ಚೆಂಡು ಸುತ್ತುವುದು ನಾಲ್ಕೈದು ಗಟ್ಟಿ ಆಟಗಾರರ ನಡುವೆ. ಶೇಕಡಾ ನೂರು ಹಾಜರಿ ದಾಖಲಾದ ಈ ಪೀರಿಯಡ್ಡಿನಲ್ಲಿ ಬಹುಪಾಲು ಮಕ್ಕಳಿಗೆ ಬೆವರು ಸಹ ಬರುವುದಿಲ್ಲ.

ಅದೇ ಮೈದಾನದಲ್ಲಿ ಸುಣ್ಣ ಎಳೆದು ಎರಡು ಖೋ ಖೋ ಅಂಕಣ ಹಾಕಿದರೆ ಲೆಕ್ಕ ಬದಲಾಗುತ್ತದೆ. ಒಂದು ಅಂಕಣಕ್ಕೆ ಬೇಕಾದದ್ದು 27 ಮೀಟರ್ ಉದ್ದ, 16 ಮೀಟರ್ ಅಗಲದ ಜಾಗ ಮತ್ತು ಎರಡು ಕಂಬ. ಕೂತ ಎಂಟು ಜನರಲ್ಲಿ ಯಾರ ಬೆನ್ನಿಗೆ ಯಾವ ಕ್ಷಣ ‘ಖೋ’ ಬೀಳುತ್ತದೋ ತಿಳಿಯದು. ಎಲ್ಲರೂ ತುದಿಗಾಲಲ್ಲಿ ಇರಲೇಬೇಕು. ಓಡಿಸುವವರು ಬದಲಾಗುತ್ತಲೇ ಇರುವುದರಿಂದ ಒಬ್ಬನೇ ಆಟವನ್ನು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಮಿಕ್ಕವರಿಗೆ ಪಕ್ಕದಲ್ಲೇ ಕುಂಟೆಬಿಲ್ಲೆ, ಹಗ್ಗದಾಟ, ರಿಲೇ ಓಟ ಹಾಕಬಹುದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯಿಂದ ವಿಶ್ವಕಪ್‌ವರೆಗೆ ಹೋಗಬಲ್ಲ ಆಟವೇ ತರಗತಿಯ ಹೆಚ್ಚಿನವರನ್ನು ಓಡಿಸಬಲ್ಲ ಆಟವೂ ಹೌದು.

ಆದರೆ ಓಡಿಸುವ ಮುಂಚೆ ಓಡುವ ದೇಹವನ್ನು ನೋಡಬೇಕು. 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯ ಪ್ರಕಾರ ದೇಶದ ಹದಿಹರೆಯದವರಲ್ಲಿ ಶೇ. 5ರಷ್ಟು ಮಂದಿ ಅಧಿಕ ತೂಕದವರು, ಶೇ. 24ರಷ್ಟು ಮಂದಿ ತೀರಾ ತೆಳ್ಳಗಿನವರು. ಹದಿಹರೆಯದ ಹುಡುಗಿಯರಲ್ಲಿ ಶೇ. 40 ಮಂದಿಗೆ ರಕ್ತಹೀನತೆ ಇದೆ, ಹುಡುಗರಲ್ಲಿ ಶೇ. 18 ಮಂದಿಗೆ. ಬೊಜ್ಜು ಕರಗಿಸುವ ಗುರಿಯಿಟ್ಟು ಬೇರೆ ದೇಶಗಳಲ್ಲಿ ರೂಪಿಸಿದ ಕಾರ್ಯಕ್ರಮಗಳನ್ನು ಇಲ್ಲಿಗೆ ಹಾಗೆಯೇ ತರುವುದು ತಪ್ಪಾಗುವುದು ಇದರಿಂದಲೇ. ಹಿಮೋಗ್ಲೋಬಿನ್ ಕಡಿಮೆ ಇರುವ ಹುಡುಗಿ ಎರಡು ಸುತ್ತಿಗೇ ಏದುಸಿರು ಬಿಟ್ಟು ಕೂತರೆ ಅದನ್ನು ಸೋಮಾರಿತನ ಎಂದು ಬಗೆಯುವ ಶಿಕ್ಷಕರಿದ್ದಾರೆ. ವಾರದ ಕಬ್ಬಿಣಾಂಶದ ಮಾತ್ರೆ, ಬಿಸಿಯೂಟ, ಕ್ಷೀರಭಾಗ್ಯದ ಹಾಲು ಮತ್ತು ಆಟದ ಪೀರಿಯಡ್ಡು ಒಂದೇ ಯೋಜನೆಯ ಅಂಗಗಳಾಗಬೇಕು. ಉಡುಪೂ ಅಷ್ಟೇ ಮುಖ್ಯ. ಎರಡೂ ಭುಜಕ್ಕೆ ಪಿನ್ ಹಾಕಿದ ವೇಲನ್ನು ಒಂದು ಕೈಯಲ್ಲಿ ಹಿಡಿದು ಓಡುವ ಹುಡುಗಿಗೆ ಅರ್ಧ ದೇಹ ಮಾತ್ರ ಆಟಕ್ಕೆ ಸಿಗುತ್ತದೆ. ಟ್ರ್ಯಾಕ್ ಪ್ಯಾಂಟು, ನೀರಿರುವ ಶೌಚಾಲಯ, ಮುಟ್ಟಿನ ದಿನ ವಿವರಣೆ ಕೇಳದೆ ವಿಶ್ರಾಂತಿ: ಇವಿಲ್ಲದ ಶಾಲೆಗೆ ಹುಡುಗಿಯರು ಮೈದಾನಕ್ಕೆ ಬರುವುದಿಲ್ಲ ಎಂದು ದೂರುವ ಹಕ್ಕಿಲ್ಲ.

ಅಂಕ ಕೊಟ್ಟರೆ ಸಾಕೇ

ಎಸ್ಸೆಸ್ಸೆಲ್ಸಿಯ 625 ಅಂಕಗಳ ಜೊತೆ ದೈಹಿಕ ಶಿಕ್ಷಣದ ಅಂಕವನ್ನೂ ಸೇರಿಸಿದರೆ ಶಾಲೆಗಳು ತಾವಾಗಿಯೇ ಗಂಭೀರವಾಗುತ್ತವೆ ಎಂಬ ಸಲಹೆ ಸದುದ್ದೇಶದ್ದು. ನನಗೆ ಒಪ್ಪಿಗೆಯಿಲ್ಲ. ಪರೀಕ್ಷೆ ಬಂದೊಡನೆ ಗೈಡು ಬರುತ್ತದೆ. ಖೋ ಖೋ ಅಂಕಣದ ಅಳತೆಯನ್ನು ಬಾಯಿಪಾಠ ಮಾಡಿದ, ಒಮ್ಮೆಯೂ ಅದರಲ್ಲಿ ಓಡದ ಮಕ್ಕಳು ಪೂರ್ಣ ಅಂಕ ಪಡೆಯುತ್ತಾರೆ. ಪ್ರಾಯೋಗಿಕ ಪರೀಕ್ಷೆ ಇಟ್ಟರೆ ಹುಟ್ಟಿನಿಂದಲೇ ಚುರುಕಾದ ದೇಹಕ್ಕೆ ಬಹುಮಾನ, ಅಂಗವಿಕಲ ಮಗುವಿಗೆ ದಂಡ.

ಅಳೆಯಲೇಬೇಕಾದರೆ ಶಾಲೆಯನ್ನು ಅಳೆಯಲಿ. ಆಟದ ಪೀರಿಯಡ್ಡನ್ನು ಬೇರೆ ವಿಷಯಕ್ಕೆ ಕೊಟ್ಟರೆ ಮುಖ್ಯೋಪಾಧ್ಯಾಯರು ಕಾರಣ ಬರೆದಿಡಬೇಕು. ತಪಾಸಣೆಗೆ ಬರುವ ಅಧಿಕಾರಿ ಹೋಬಳಿ, ತಾಲ್ಲೂಕು ಕ್ರೀಡಾಕೂಟದಲ್ಲಿ ಗೆದ್ದ ಕಪ್ಪುಗಳನ್ನು ಎಣಿಸುವುದನ್ನು ಬಿಟ್ಟು, ಆ ದಿನದ ಪೀರಿಯಡ್ಡಿನಲ್ಲಿ ಮರದ ಕೆಳಗೆ ಕೂತವರೆಷ್ಟು ಎಂದು ಬರೆದುಕೊಳ್ಳಲಿ. ದೈಹಿಕ ಶಿಕ್ಷಣ ಶಿಕ್ಷಕರು ವರ್ಷಗಳಿಂದ ರಾಜ್ಯದ ದೈಹಿಕ ಶಿಕ್ಷಣದ ಕುರಿತಾದ ವೈದ್ಯನಾಥನ್ ವರದಿಯ ಜಾರಿಗಾಗಿ, ತಮ್ಮನ್ನು ಸಹ ಶಿಕ್ಷಕರೆಂದು ಪರಿಗಣಿಸಬೇಕೆಂದು ಕೇಳುತ್ತಿದ್ದಾರೆ. ಸಹೋದ್ಯೋಗಿಗಳ ಸಾಲಿನಲ್ಲಿ ಸಮಾನ ಸ್ಥಾನವಿಲ್ಲದವರು ತಮ್ಮ ಪೀರಿಯಡ್ಡನ್ನು ಗಣಿತದ ಶಿಕ್ಷಕರಿಂದ ಉಳಿಸಿಕೊಳ್ಳುವುದು ಹೇಗೆ?

ಮೈದಾನದ ಪ್ರಶ್ನೆ ಹಳ್ಳಿಗಿಂತ ನಗರದಲ್ಲಿ ಕಠಿಣ. ಮೂರು ಮಹಡಿಯ ಬಾಡಿಗೆ ಕಟ್ಟಡದಲ್ಲಿ ನಡೆಯುವ ಪ್ರೌಢಶಾಲೆಗೆ ಏಕಾಏಕಿ ಮೈದಾನ ಹುಟ್ಟುವುದಿಲ್ಲ. ಅದನ್ನು ಮುಚ್ಚಿಸಿದರೆ ಅಲ್ಲಿನ ಮಕ್ಕಳ ಓದಿಗೇ ಹೊಡೆತ. ಆದರೆ ಪಾಲಿಕೆಯ ಮೈದಾನಗಳು ವಾರದ ದಿನಗಳಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಹುಮಟ್ಟಿಗೆ ಖಾಲಿ ಬಿದ್ದಿರುತ್ತವೆ. ಆ ಗಂಟೆಗಳನ್ನು ಸುತ್ತಲಿನ ಶಾಲೆಗಳಿಗೆ ಹಂಚಲು ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಪಾಲಿಕೆಯವರೂ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯವರೂ ಜೂನ್ ತಿಂಗಳಲ್ಲಿ ಒಟ್ಟಿಗೆ ಕೂತು, ಯಾವ ಶಾಲೆಗೆ ಯಾವ ಮೈದಾನ, ಯಾವ ಹೊತ್ತು ಎಂದು ಪಟ್ಟಿ ಹಾಕಿದರೆ ಜುಲೈಯಿಂದಲೇ ಆಟ ಶುರುವಾಗಬಹುದು.